ಕರಡಿ ಕೇಳಿದ ಕನೆಕ್ಷನ್

ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿ, ಸಿಂಹದ ತಲೆಗೊಂದು ರಾಜನ ಕಿರೀಟಕ್ಕೊಂದು ಬಟ್ಟೆಯೇಟು ಕೊಟ್ಟು ಧೂಳು ಕೊಡವಿ, ಒಳಕೋಣೆಗೆ ಹೋಗಿ ಕಂಪ್ಯೂಟರ್ ಆನ್ ಮಾಡಿದರೆ ಮತ್ತೆ ಅದೇ ಕಥೆ. ಪರದೆಯ ನಟ್ಟನಡುವೆ ಕಪ್ಪು ಬಿಳಿ ಚುಕ್ಕೆಗಳ ಚೌಕ. ಅದರ ಕೆಳಗೆ "ನಿಮ್ಮ ಫೋನಿನಿಂದ ಇದನ್ನು ಸ್ಕ್ಯಾನ್ ಮಾಡಿ" ಎಂಬ ಬಹಳ ವಿನಯದ ಒಂದು ಸಾಲು. ನಿನ್ನೆ ಪಿಸು ಮನೆಗೆ ಹೊರಟಾಗ ಇದೇ ಜಾಗದಲ್ಲಿ ಗಿರಾಕಿಗಳ ಮೆಸೇಜುಗಳು ಸಾಲುಗಟ್ಟಿ ನಿಂತಿದ್ದವು. ಈಗ ಒಬ್ಬನೇ ಒಬ್ಬ ಗಿರಾಕಿಯ ಸುಳಿವಿಲ್ಲ.

"ಮತ್ತೆ ಹೋಯ್ತಾ, ಹಾಳಾದ್ದು," ಎಂದು ಪಿಸು ಕಂಪ್ಯೂಟರಿಗೆ ಮಾತ್ರ ಕೇಳಿಸುವ ಹಾಗೆ ಬೈದಳು. ಅದಕ್ಕಿಂತ ಜೋರಾಗಿ ಬೈಯುವುದು ಅವಳಿಗೆ ಬರುತ್ತಿರಲಿಲ್ಲ. ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಪಿಸುಗುಟ್ಟುವುದು ಬಿಟ್ಟು ಬೇರೆ ಸ್ವರವೇ ಇಲ್ಲದವಳನ್ನು ಆ ಹೆಸರಿನಿಂದ ಕರೆಯಲು ಮನೆಯವರಿಗೇ ಮರೆತುಹೋಗಿತ್ತು.

ಅಂಗಡಿ ಅವಳ ಸೋದರತ್ತೆಯದು. ನಾಟಕದವರಿಗೆ ವೇಷಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಗೋಡೆಯ ಉದ್ದಕ್ಕೂ ರಾಜರು, ಪೊಲೀಸರು, ಡಾಕ್ಟರ ಕೋಟುಗಳು. ಮೇಜಿನ ಡ್ರಾಯರುಗಳಲ್ಲಿ ನರೆತ ಗಡ್ಡ ಒಂದರಲ್ಲಿ, ಕಪ್ಪು ಮೀಸೆ ಇನ್ನೊಂದರಲ್ಲಿ. ಮೂಲೆಯ ಹೊಲಿಗೆ ಮೆಷಿನ್ನಿನ ಹಿಂದೆ ಅತ್ತೆಯ ಗಂಡ, ಅಂದರೆ ಮಾವ. ಅವರ ತುಟಿಗಳ ನಡುವೆ ಸದಾ ನಾಲ್ಕಾರು ಗುಂಡುಸೂಜಿ ಇರುತ್ತಿದ್ದುದರಿಂದ ಮದುವೆಯಾದ ಮೇಲೆ ಅವರು ಆಡಿದ ಮಾತೆಲ್ಲ ಬಹುಪಾಲು "ಹ್ಞೂಂ" ಎಂಬುದೇ ಆಗಿತ್ತು. ಅತ್ತೆಗೆ ಅದು ಸಾಕಾಗಿತ್ತು.

ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ಅಣ್ಣನ ಮಗಳನ್ನು ಅತ್ತೆ ಮೊದಲು ಕೂರಿಸಿದ್ದು ಕೌಂಟರಿನಲ್ಲಿ. ಅದೊಂದು ದೊಡ್ಡ ಅನಾಹುತ. ಪಿಸುವಿಗೆ ಯಾರ ಮುಖ ನೋಡಿಯೂ "ಇಲ್ಲ" ಎನ್ನಲು ಬಾಯಿ ಬರದೆ, ಒಂದೇ ಒಂದು ರಾಜನ ನಿಲುವಂಗಿಯನ್ನು ಮೂರು ತಂಡಗಳಿಗೆ ಕೊಡುತ್ತೇನೆಂದು ಒಪ್ಪಿಕೊಂಡಳು. ಒಂದೇ ಸಂಜೆ ಮೂವರು ರಾಜರು ಬರಿಮೈಯಲ್ಲಿ, ಮುಖಕ್ಕೆ ಬಣ್ಣ ಮಾತ್ರ ಬಳಿದುಕೊಂಡು ಕೌಂಟರಿನ ಮುಂದೆ ನಿಂತು ಕೂಗಾಡಿದರು. ಪಿಸು ಮೇಜಿನ ಕೆಳಗೆ ಕೂತು ಅದನ್ನು ಕೇಳಿಸಿಕೊಂಡಳು.

ಆಮೇಲೆ ಅವಳೇ ಒಂದು ಉಪಾಯ ಹೂಡಿದ್ದಳು. ಆರ್ಡರುಗಳೆಲ್ಲ ಅಂಗಡಿಯ ನಂಬರಿಗೆ ಮೆಸೇಜ್ ಆ್ಯಪಿನಲ್ಲಿ ಬರಲಿ. ಫೋನು ಅತ್ತೆಯ ಕೈಯಲ್ಲೇ ಇರಲಿ, ಅದನ್ನು ಅವರ ಕೈಯಿಂದ ಬಿಡಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಅದೇ ಆ್ಯಪನ್ನು ಒಳಕೋಣೆಯ ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು, ಫೋನಿಗೂ ಅದಕ್ಕೂ ಗಂಟು ಹಾಕಿದರೆ, ತಾನು ಬಾಗಿಲು ಹಾಕಿಕೊಂಡು ಟೈಪು ಮಾಡುತ್ತೇನೆ. ಒಮ್ಮೆ ಗಂಟು ಹಾಕಿದರಾಯಿತು, ಫೋನು ಎಲ್ಲಿದ್ದರೂ ಚಿಂತೆಯಿಲ್ಲ.

ಕೀಲಿಮಣೆಯ ಮುಂದೆ ಕೂತ ಪಿಸು ಬೇರೆಯೇ ಹೆಂಗಸು. "ಹುಲಿ ವೇಷ ಇದೆಯಾ?" ಎಂದು ಯಾರೋ ಕೇಳಿದರೆ, "ಹುಲಿ ಇದೆ, ಬಾಲ ರಿಪೇರಿಗೆ ಹೋಗಿದೆ. ಪ್ರೇಕ್ಷಕರಿಗೆ ಬೆನ್ನು ತೋರಿಸದ ಹುಲಿಯಾದರೆ ಇವತ್ತೇ ಕಳಿಸ್ತೀನಿ," ಎಂದು ಬರೆಯುತ್ತಿದ್ದಳು. ಗಡ್ಡ ವಾಪಸು ಕೊಡದವರಿಗೆ, "ನಮ್ಮ ಗಡ್ಡ ನಿಮ್ಮಲ್ಲಿ ಬೆಳೀತಾ ಇದೆಯಾ, ಹಾಗೇ ಇದೆಯಾ?" ಎಂದು ವಿಚಾರಿಸುತ್ತಿದ್ದಳು. ಅಂಗಡಿಗೆ ಬಂದವರು, "ಆ ಬರೆಯೋ ಘಾಟಿ ಹೆಂಗಸು ಯಾರ್ರೀ?" ಎಂದು ಅತ್ತೆಯನ್ನು ಕೇಳುತ್ತಿದ್ದರು. ಘಾಟಿ ಹೆಂಗಸು ಒಳಗೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು.

ಇಷ್ಟು ಚೆನ್ನಾಗಿ ನಡೆದಿದ್ದಕ್ಕೆ ಈಗ ಕಲ್ಲು ಬಿದ್ದಿತ್ತು. ದಿನಾ ಬೆಳಿಗ್ಗೆ ಗಂಟು ಬಿಚ್ಚಿಹೋಗಿರುತ್ತಿತ್ತು. ಅತ್ತೆ ಮಾವ ಬರುವುದು ಹತ್ತು ಗಂಟೆಗೆ, ಫೋನು ಬರುವುದೂ ಆಗಲೇ. ಅಲ್ಲಿಯ ತನಕ ಬಂದ ಮೆಸೇಜುಗಳಿಗೆ ಉತ್ತರವಿಲ್ಲ. ನಾಟಕದವರು ತಾಳ್ಮೆಯವರಲ್ಲ, ಎದುರು ಬೀದಿಯ ಅಂಗಡಿಗೆ ಹೋಗಿಬಿಡುತ್ತಿದ್ದರು.

"ನೋಡೇ," ಎಂದರು ಅತ್ತೆ ಆ ಸೋಮವಾರ, ಫೋನನ್ನು ಚೌಕದ ಮುಂದೆ ಹಿಡಿಯುತ್ತ. "ಶನಿವಾರದ ತನಕ ಸುಮ್ನಿರ್ತೀನಿ. ಅಷ್ಟರಲ್ಲಿ ಈ ನಿನ್ನ ಡಬ್ಬ ಸರಿಹೋಗ್ಲಿಲ್ಲ ಅಂದ್ರೆ ಅದನ್ನ ಮಾರಿ ಹಾಕಿ, ಹಳೇ ಲ್ಯಾಂಡ್‌ಲೈನ್ ಹಾಕಿಸ್ತೀನಿ. ನೀನು ಕೌಂಟರಲ್ಲಿ ಕೂತು ಫೋನ್ ತಗೋಬೇಕು. ಬಾಯ್ಬಿಟ್ಟು ಮಾತಾಡ್ಬೇಕು."

"ಅತ್ತೆ, ಅದು..."

"ಏನಂದೆ?"

"ಏನಿಲ್ಲ."

ಆ ದಿನ ಪಿಸು ಊಟ ತಿಂಡಿ ಬಿಟ್ಟು ಬ್ರೌಸರಿನ ಬೆನ್ನು ಹತ್ತಿದಳು. ಅದರ ಹೊಟ್ಟೆಯಲ್ಲಿದ್ದ ಹಳೇ ಕಸವನ್ನೆಲ್ಲ ಅಳಿಸಿದಳು. ಮುಚ್ಚಿದಾಗಲೆಲ್ಲ ಎಲ್ಲವನ್ನೂ ಮರೆತುಬಿಡುವ ಸೆಟ್ಟಿಂಗ್ ಏನಾದರೂ ಆನ್ ಆಗಿದೆಯಾ ಎಂದು ನೋಡಿದಳು, ಆಗಿರಲಿಲ್ಲ. ಬೇರೊಂದು ಬ್ರೌಸರ್ ತಂದು ಹಾಕಿದಳು. ಆ್ಯಪಿಗೆ ಹೊಸ ಅಪ್‌ಡೇಟ್ ಕೊಡಿಸಿದಳು. ವೈಫೈ ಡಬ್ಬಿಯನ್ನು ಆರಿಸಿ, ಸಾಕಷ್ಟು ಹೊತ್ತು ಕಾದು ಮತ್ತೆ ಹೊತ್ತಿಸಿದಳು. ಅತ್ತೆಯ ಫೋನಿನ ಗಡಿಯಾರ ಅರ್ಧ ಗಂಟೆ ಮುಂದಿರುವುದು ಕಣ್ಣಿಗೆ ಬಿದ್ದಾಗ ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಗಡಿಯಾರ ತಪ್ಪಿದ್ದರೆ ಕನೆಕ್ಷನ್ ಹಟ ಹಿಡಿಯುತ್ತದೆ ಎಂದು ಎಲ್ಲೋ ಓದಿದ್ದಳು. ಸರಿಮಾಡಿ ಕೊಟ್ಟಳು. ಅತ್ತೆ ಮತ್ತೆ ಅರ್ಧ ಗಂಟೆ ಮುಂದಕ್ಕೆ ತಳ್ಳಿದರು.

"ಅದು ಹಾಗೇ ಇರ್ಬೇಕು ಕಣೇ! ಸಾಮಾನು ವಾಪಸ್ ತರೋರಿಗೆ 'ಆಗ್ಲೇ ಟೈಮ್ ಆಯ್ತು ನೋಡಿ' ಅಂತ ತೋರಿಸ್ಬೇಕು ನಾನು."

ಬೇಡಿ ಬೇಡಿ ಅದನ್ನೂ ಸರಿಮಾಡಿಸಿದ್ದಾಯಿತು. ಮರುದಿನ ಬೆಳಿಗ್ಗೆ ಅದೇ ಚೌಕ.

ಕೊನೆಗೆ ರಿಪೇರಿಯವನು ಬಂದ. ಕುರ್ಚಿಯಲ್ಲಿ ಹಿಂದಕ್ಕೊರಗಿ, ತನ್ನ ಬೆರಳುಗಳನ್ನು ಲಟಲಟ ಮುರಿದು, "ಯಾವತ್ತಿಂದ ಹೀಗೆ?" ಎಂದ.

ಪಿಸು ಹೇಳಿದಳು.

"ಏನಂದ್ರಿ?"

ಹೊರಗಿನಿಂದ ಅತ್ತೆ, "ಬಹಳ ದಿನದಿಂದ ಅಂದ್ಲು ಕಣಪ್ಪ! ಗದರಿಸಿ ಕೇಳ್ಬೇಡ, ಮೇಜಿನ ಕೆಳಗೆ ಹೋಗಿ ಕೂತ್ಬಿಡ್ತಾಳೆ!" ಎಂದರು.

ಅವನು ಏನೇನೋ ಒತ್ತಿದ, ಏನೇನೋ ಅಳಿಸಿದ. ಆಮೇಲೆ ಕೌಂಟರಿಗೆ ಬಂದು ಗಂಭೀರವಾಗಿ, "ಮೇಡಂ, ಬ್ರೌಸರೂ ಚೆನ್ನಾಗಿದೆ, ಫೋನೂ ಚೆನ್ನಾಗಿದೆ. ಇವೆರಡರ ಮಧ್ಯೆ ಯಾರೋ ಹುಳಿ ಹಿಂಡ್ತಾ ಇದಾರೆ," ಎಂದ.

"ಯಾರದು? ಹಿಡಿದು ಕೊಡು, ನಾನು ವಿಚಾರಿಸ್ಕೋತೀನಿ," ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡರು. ಮಾವ "ಹ್ಞೂಂ" ಎಂದರು. ಆ ಹ್ಞೂಂಕಾರದಲ್ಲಿ ಏನೋ ಒಂದು ನಗು ಇತ್ತು ಎಂದು ಪಿಸುವಿಗೆ ಆಮೇಲೆ ಅನಿಸಿತು.

ಅದೇ ಮಧ್ಯಾಹ್ನ ಅತ್ತೆಗೆ ಹಲ್ಲುನೋವು ಕಿತ್ತುಕೊಂಡು ಬಂತು. ಹಲ್ಲಿನ ಡಾಕ್ಟರ ಹತ್ತಿರ ಹೋದವರು ಅಲ್ಲಿಂದಲೇ ಬಾಯಿಗೆ ಹತ್ತಿ ತುರುಕಿಕೊಂಡು ಮನೆ ಸೇರಿದರು. ಅಂಗಡಿ ಮುಚ್ಚಿದ್ದು ಮಾವ. ಮಾರನೆಯ ಬೆಳಿಗ್ಗೆ ಪಿಸು ಕಂಪ್ಯೂಟರ್ ಆನ್ ಮಾಡಿದರೆ, ಅಬ್ಬಾ, ಚೌಕವಿಲ್ಲ! ಗಿರಾಕಿಗಳೆಲ್ಲ ಇದ್ದಲ್ಲೇ ಇದ್ದರು. "ಎರಡು ಕತ್ತಿ ಬೇಕು, ತುರ್ತು" ಎಂದು ಯಾರೋ ಬೆಳ್ಳಂಬೆಳಿಗ್ಗೆಯೇ ಬರೆದಿದ್ದರು. ಪಿಸು ಖುಷಿಯಲ್ಲಿ ನಾಲ್ಕು ಕತ್ತಿ ಕೊಡುವುದಾಗಿ ಬರೆದಳು.

ರಿಪೇರಿಯವನ ಕೈಗುಣವನ್ನು ಮನಸ್ಸಿನಲ್ಲೇ ಹೊಗಳಿದಳು. ಆ ಹೊಗಳಿಕೆ ಒಂದೇ ದಿನ ಬಾಳಿತು. ಗುರುವಾರ ಬೆಳಿಗ್ಗೆ ಚೌಕ ಹಾಜರ್.

ಪಿಸು ಗಲ್ಲಕ್ಕೆ ಕೈಕೊಟ್ಟು ಚೌಕವನ್ನೇ ನೋಡುತ್ತ ಕೂತಳು. ಕಂಪ್ಯೂಟರ್ ಅದೇ, ಬ್ರೌಸರ್ ಅದೇ, ವೈಫೈ ಅದೇ. ಗಂಟು ಉಳಿದುಕೊಂಡ ಒಂದೇ ಒಂದು ರಾತ್ರಿ ಅಂಗಡಿಯಲ್ಲಿ ಏನು ಇರಲಿಲ್ಲ? ಯೋಚಿಸಿದಷ್ಟೂ ಉತ್ತರ ಒಂದೇ. ಅತ್ತೆ ಇರಲಿಲ್ಲ.

ಆ ಸಂಜೆ ಅವಳು ದಿನದಂತೆ "ಬರ್ತೀನಿ ಅತ್ತೆ" ಎಂದು ಪಿಸುಗುಟ್ಟಿ ಹೊರಟು, ಹಿಂದಿನ ಬಾಗಿಲಿನಿಂದ ಕಳ್ಳಹೆಜ್ಜೆಯಲ್ಲಿ ಒಳಗೆ ಬಂದು, ಪೊಲೀಸ್ ಬೊಂಬೆಗೂ ರಾಣಿ ಬೊಂಬೆಗೂ ನಡುವೆ ನೇತುಹಾಕಿದ್ದ ಕರಡಿ ವೇಷದೊಳಗೆ ಹೊಕ್ಕು ನಿಂತಳು. ಒಳಗೆ ಕರ್ಪೂರದ ಗುಳಿಗೆಯ ವಾಸನೆ, ಹೊರಗೆ ನೋಡಲು ಕರಡಿಯ ಬಾಯಲ್ಲೊಂದು ಕಂಡಿ.

ಅತ್ತೆ ಅಂಗಡಿ ಮುಚ್ಚುವ ಪರಿಯನ್ನು ಅವಳು ಎಂದೂ ಕೊನೆಯ ತನಕ ನೋಡಿರಲಿಲ್ಲ. ದಿನದ ಬಾಡಿಗೆಗೆ ಹೋದದ್ದು ಯಾವುದೂ ಹೊರಗೆ ರಾತ್ರಿ ಕಳೆಯಬಾರದು, ಇದು ಅತ್ತೆಯ ಕಟ್ಟಳೆ. ಗೋಡೆಯ ಉದ್ದಕ್ಕೂ ಬೆರಳು ತೋರಿಸುತ್ತ ನಡೆದರು. "ಕತ್ತಿ ಬಂತು. ಗುರಾಣಿ ಬಂತು. ಡಾಕ್ಟರ್ ಕೋಟು ಬಂತು, ಕಾಫಿ ಕಲೆ ಸಮೇತ. ಮುದುಕನ ಗಡ್ಡ?" ಗಡ್ಡ ಬಂದಿರಲಿಲ್ಲ. ಫೋನ್ ಹಚ್ಚಿ, "ಏನ್ರೀ, ನಮ್ಮ ಗಡ್ಡ ಇವತ್ತು ನಿಮ್ಮನೇಲೇ ಮಲಗುತ್ತಾ?" ಎಂದು ಸುಡುವ ಸ್ವರದಲ್ಲಿ ಕೇಳಿದರು. ಮಾವನಿಗೆ ಕೊಟ್ಟಿದ್ದ ಕತ್ತರಿಯನ್ನೂ ಇಸಿದುಕೊಂಡು ಡ್ರಾಯರಿಗೆ ಹಾಕಿದರು.

ಆಮೇಲೆ ಕನ್ನಡಕ ಏರಿಸಿ ಫೋನಿನ ಮೇಲೆ ಬಾಗಿದರು.

"ಇನ್ನು ನಮ್ಮ ಅಂಗಡಿ. ಬೆಳಿಗ್ಗೆಯಿಂದ ಆ ಡಬ್ಬದ ಹತ್ರ ಹೋಗಿ ಕೂತಿದೆ. ನೋಡಿ, ಇಲ್ಲೇ ಬರೆದಿದೆ, 'ಕಂಪ್ಯೂಟರಿಗೆ ಜೋಡಿಸಲಾಗಿದೆ' ಅಂತ. ಇದು ಕಣ್ಣಿಗೆ ಬಿದ್ದಾಗಿಂದ ದಿನಾ ಕರೀಬೇಕಾಗಿದೆ. ಬಾಮ್ಮ, ಬಾ, ಒಳಗೆ ಬಾ." ಬೆರಳಿನಿಂದ ಒಂದೇಟು ಒತ್ತಿದರು. ಲಾಗ್ ಔಟ್.

"ಹ್ಞೂಂ?" ಎಂದರು ಮಾವ.

"ನಿಮಗೆ ಗೊತ್ತಾಗಲ್ಲ ಬಿಡಿ. ನಮ್ಮ ಗಿರಾಕಿಗಳೆಲ್ಲ ರಾತ್ರಿ ಪೂರ್ತಿ ಆ ಡಬ್ಬದಲ್ಲಿ ಬಿದ್ದಿದ್ರೆ, ಯಾರಾದ್ರೂ ಎತ್ಕೊಂಡು ಹೋದ್ರೆ? ಬೆಳಿಗ್ಗೆ ಬಂದು ಕೇಳ್ತಾಳೆ, ಮತ್ತೆ ಕೊಡ್ತೀನಿ. ಅದ್ರಲ್ಲೇನಿದೆ?"

ಕರಡಿಯೊಳಗೆ ಪಿಸು "ಅಯ್ಯೋ!" ಎಂದುಬಿಟ್ಟಳು. ಅವಳ ಮಟ್ಟಿಗೆ ಅದು ಎಂದಿನ ಪಿಸುಮಾತೇ. ಆದರೆ ದಪ್ಪ ತಲೆಯೊಳಗೆ ಸುತ್ತಿ ಸುತ್ತಿ ಹೊರಬಂದ ಸದ್ದು ಹಂಡೆಯೊಳಗಿಂದ ಬಂದ ಗರ್ಜನೆಯ ಹಾಗಿತ್ತು.

"ಏನದು?" ಅತ್ತೆ ಬ್ರಷ್ ಹಿಡಿದು ಕರಡಿಯತ್ತ ಬಂದರು. ಮೂಗಿನ ಮೇಲೆ, ಕಿವಿಯ ಮೇಲೆ ಪಟಪಟ ಧೂಳು ಕೊಡವಿದರು. "ಇದ್ಯಾಕೆ ಇದು ನಡುಗ್ತಾ ಇದೆ? ಇಲಿ ಏನಾದ್ರೂ ಸೇರ್ಕೊಂಡಿದೆಯಾ?"

ಮಾವ ಕರಡಿಯ ಕಾಲಿನ ಕಡೆ ನೋಡಿದರು. ಕರಡಿ ನೀಲಿ ಚಪ್ಪಲಿ ಮೆಟ್ಟಿತ್ತು. ಮಾವ ಕಣ್ಣು ಕಿರಿದು ಮಾಡಿ, ಹೋಗಿ ದೀಪ ಆರಿಸಿಬಿಟ್ಟರು.

ಶುಕ್ರವಾರ ಪಿಸು ಅತ್ತೆಗೆ ಹೇಳಲು ನೋಡಿದಳು. "ಅತ್ತೆ, ಸಂಜೆ ನೀವು ಫೋನಲ್ಲಿ..." ಎನ್ನುವಷ್ಟರಲ್ಲಿ ಗಿರಾಕಿ ಬಂದ. ಇನ್ನೊಮ್ಮೆ ಬಾಯಿ ತೆರೆದಾಗ ಅತ್ತೆ, "ಆ ಡಬ್ಬದ ವಿಷಯ ಆದ್ರೆ ಶನಿವಾರ ಮಾತಾಡೋಣ" ಎಂದರು. ಅವಳು ಮಾವನ ಮೆಷಿನ್ನಿನ ಪಕ್ಕ ಕೂತು, "ಮಾವ, ನೀವೇ ಹೇಳಿ ಮಾವ. ನಿಮಗೆ ಮೊದ್ಲೇ ಗೊತ್ತಿತ್ತು ಅಲ್ವಾ?" ಎಂದು ಗೋಗರೆದಳು.

ಮಾವ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದರು.

"ನಿಮ್ಮತ್ತೆಗೆ ಅಂಗಡಿ ಮುಚ್ಚೋದು ಹೇಗೆ ಅಂತ ನಾನು ಹೇಳಿಕೊಡ್ಲಾ? ಸಂಜೆ ನಾನು ಅದೇ ಮನೆಗೆ ಹೋಗಿ ಊಟ ಮಾಡ್ಬೇಕಮ್ಮ." ಸುತ್ತ ನೋಡಿ ಸ್ವರ ತಗ್ಗಿಸಿದರು. "ಅವಳು ಮನೆಯವರ ಮಾತು ಕೇಳೋಳಲ್ಲ. ಗಿರಾಕಿ ಮಾತಾದ್ರೆ ಕೇಳ್ತಾಳೆ." ಮತ್ತೆ ಸೂಜಿಗಳನ್ನು ಬಾಯಿಗಿಟ್ಟುಕೊಂಡರು.

ಶನಿವಾರ ಕೌಂಟರಿನ ಮುಂದೆ ನಾಟಕದ ಮೇಷ್ಟ್ರು ನಿಂತಿದ್ದರು. ಎರಡು ಸೈನಿಕರ ಅಂಗಿ ತೆಗೆದುಕೊಂಡಿದ್ದರು, ಈಗ ಅಡವಿನ ಸರದಿ. ಅತ್ತೆ ಅಡವಾಗಿ ಹಣ ಮುಟ್ಟುತ್ತಿರಲಿಲ್ಲ. ಹಣ ಕೊಟ್ಟವರು ಮರೆತು ಕೂರುತ್ತಾರೆ, ಅದಿಲ್ಲದೆ ಬದುಕಲಾಗದ ಸಾಮಾನು ಕೊಟ್ಟವರು ಓಡೋಡಿ ಬರುತ್ತಾರೆ ಎಂಬುದು ಅವರ ಲೆಕ್ಕ. ಮೇಷ್ಟ್ರು ತಮ್ಮ ಎಡಗಾಲಿನ ಬೂಟು ಬಿಚ್ಚಿ ಮೇಜಿನ ಮೇಲಿಟ್ಟರು.

ಅವರ ಹಿಂದೆ ಕರಡಿ ಬಂದು ನಿಂತಿತು.

ಈಗ ವಾಪಸು ಹೋಗಿಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ, ಎಂದು ಪಿಸು ಒಳಗೇ ಅಂದುಕೊಂಡಳು. ಆಮೇಲೆ ಆ ಲ್ಯಾಂಡ್‌ಲೈನ್ ಬಡಿದುಕೊಳ್ಳುವುದನ್ನು, ತಾನು ಅದನ್ನು ಎತ್ತುವುದನ್ನು ನೆನೆದಳು.

"ಏನು ಬೇಕಪ್ಪ ಕರಡಿ?" ಎಂದರು ಅತ್ತೆ, ತಲೆ ಎತ್ತದೆ. ಆ ಅಂಗಡಿಯಲ್ಲಿ ಕರಡಿಯ ಜೊತೆ ಮಾತಾಡುವುದು ಹೊಸದೇನಲ್ಲ.

"ಒಂದು ಸಾಮಾನು ಬಾಡಿಗೆಗೆ ಬೇಕಿತ್ತು," ಎಂದಿತು ಕರಡಿ. ಸ್ವರಕ್ಕೆ ಮೇಷ್ಟ್ರು ಬೆಚ್ಚಿ ಒಂಟಿ ಬೂಟಿನಲ್ಲಿ ಅತ್ತ ಸರಿದರು.

"ಸಾಮಾನು ಮೈಮೇಲೇ ಇದೆಯಲ್ಲ. ಅದೂ ನಮ್ಮದೇ."

"ಇದಲ್ಲ. ನಿಮ್ಮ ಫೋನಿನ ಕನೆಕ್ಷನ್."

ಅತ್ತೆ ಈಗ ತಲೆ ಎತ್ತಿದರು. ಕರಡಿಯನ್ನು ಮೇಲಿಂದ ಕೆಳಕ್ಕೆ ಅಳೆದರು. ನೀಲಿ ಚಪ್ಪಲಿಯ ಮೇಲೆ ಅವರ ಕಣ್ಣು ಒಂದು ಗಳಿಗೆ ನಿಂತಿತು. ತುಟಿಯ ತುದಿ ಅಲುಗಿತು, ಆದರೆ ವ್ಯಾಪಾರದ ಮುಖ ಕದಲಲಿಲ್ಲ.

"ಕನೆಕ್ಷನ್ ನಮ್ಮ ಹುಡುಗಿಗೆ ಬೆಳಿಗ್ಗೆ ದಿನಾ ಕೊಡ್ತೀನಲ್ಲ."

"ಸಂಜೆ ದಿನಾ ಕಿತ್ಕೋತೀರಲ್ಲ!"

"ನಾನ್ಯಾಕೆ ಕಿತ್ಕೊಳ್ಳಲಿ? ನಮ್ಮ ಅಂಗಡೀನ ಒಳಗೆ ತಗೋತೀನಿ, ಅಷ್ಟೇ..." ಅತ್ತೆಯ ಮಾತು ಅರ್ಧಕ್ಕೆ ನಿಂತಿತು. ಫೋನನ್ನು ನೋಡಿದರು. ಒಳಕೋಣೆಯ ಕಡೆ ನೋಡಿದರು. "ಅಂದ್ರೆ, ನಾನು ಒಳಗೆ ತಗೊಂಡಿದ್ದೇ..."

"ಹೊರಗೆ ಹೋಗಿದ್ದು. ಬ್ರೌಸರಿಗೂ ಫೋನಿಗೂ ಮಧ್ಯೆ ಹುಳಿ ಹಿಂಡ್ತಿದ್ದ ಆಸಾಮಿ ನೀವೇ!"

"ಓಹೋ!" ಎಂದರು ಮೇಷ್ಟ್ರು. "ಅದಕ್ಕೇನಾ ನಾನು ಬೆಳಿಗ್ಗೆ ಕಳಿಸಿದ ಮೆಸೇಜಿಗೆ..."

"ನೀವು ಸುಮ್ನಿರಿ ಮೇಷ್ಟ್ರೇ. ಒಂದು ಕಾಲಿಗೆ ಬೂಟಿಲ್ಲದೋರು ಮಧ್ಯೆ ಬಾಯಿ ಹಾಕ್ಬಾರ್ದು." ಅತ್ತೆಯ ಕಿವಿ ಕೆಂಪಾಗಿತ್ತು. ಮೆಷಿನ್ನಿನ ಸದ್ದು ನಿಂತಿತ್ತು. "ಇಲ್ಲ" ಎನ್ನುವುದು ಪಿಸುವಿಗೆ ಎಷ್ಟು ಕಷ್ಟವೋ, ತಪ್ಪಾಯಿತು ಎನ್ನುವುದು ಅತ್ತೆಗೆ ಅಷ್ಟೇ ಕಷ್ಟ. ಅವರು ಮೇಜಿನ ಮೇಲೆ ಎರಡೂ ಕೈ ಊರಿ ನಿಂತರು. "ಆದ್ರೂ ರೂಲ್ಸ್ ಅಂದ್ರೆ ರೂಲ್ಸು. ದಿನದ ಬಾಡಿಗೆ ಸಂಜೆಗೆ ವಾಪಸ್. ಯಾರಿಗೂ ವಿನಾಯಿತಿ ಇಲ್ಲ."

"ಊರೂರು ಸುತ್ತೋ ತಂಡದವರಿಗೆ ಸೀಸನ್ ಬಾಡಿಗೆಗೆ ಕೊಡ್ತೀರಲ್ಲ? ಅವರು ಆಟ ಮುಗಿಸೋ ತನಕ ಕೇಳೋದಿಲ್ಲವಲ್ಲ? ನನಗೂ ಸೀಸನ್‌ಗೆ ಕೊಡಿ."

ಅತ್ತೆ ಕಣ್ಣು ಕಿರಿದು ಮಾಡಿದರು. ಇಂಥ ಚೌಕಾಸಿಗೆ ಅವರು ಊಟ ಬಿಟ್ಟೂ ನಿಲ್ಲುವವರು. "ನಿನ್ನ ಸೀಸನ್ ಯಾವಾಗ ಮುಗಿಯುತ್ತೆ?"

"ನಿಮಗೆ ಆ ಫೋನು ಬೇಜಾರಾದಾಗ."

"ಹಾಗಾದ್ರೆ ನಾನು ಸಾಯೋ ತನಕ ಅನ್ನು."

"ಅಷ್ಟು ಬೇಗ ಬೇಡ ಅತ್ತೆ," ಎಂದಿತು ಕರಡಿ. "ಇನ್ನೊಂದೆರಡು ಫೋನು ಹಾಳು ಮಾಡಿ, ಆಮೇಲೆ ನೋಡೋಣ."

ಮಾವ ಬಾಯಲ್ಲಿದ್ದ ಸೂಜಿಗಳನ್ನೆಲ್ಲ ನೆಲಕ್ಕೆ ಉದುರಿಸಿ ನಕ್ಕರು.

"ರಾತ್ರಿ ಯಾರಾದ್ರೂ ಎತ್ಕೊಂಡು ಹೋದ್ರೆ?" ಅತ್ತೆ ಬಿಡಲಿಲ್ಲ.

"ಕಂಪ್ಯೂಟರಿಗೆ ಪಾಸ್‌ವರ್ಡ್ ಇದೆ. ಅಂಗಡಿಗೆ ಬೀಗ ಇದೆ. ನಾನು ಒಳಗಿದ್ದಾಗ ಕೋಣೆಗೆ ಚಿಲಕಾನೂ ಹಾಕ್ಕೋತೀನಿ."

"ಹಾಕ್ಕೋತೀಯಾ?" ಅತ್ತೆಯ ಮುಖ ಅರಳಿತು. ಪಿಸು ಕರಡಿಯೊಳಗೇ ನಾಲಿಗೆ ಕಚ್ಚಿಕೊಂಡಳು, ಆದರೆ ಮಾತು ಬಾಯಿ ಜಾರಿಯಾಗಿತ್ತು. "ಸರಿ. ಸೀಸನ್‌ಗೆ ಕೊಟ್ಟೆ. ಅಡವಿಗೆ ಆ ಚಿಲಕ ಬಿಚ್ಚಿಕೊಡು."

"ಅತ್ತೆ!"

"ಅದಿಲ್ದೆ ನೀನು ಬದುಕೋಕಾಗಲ್ಲ ತಾನೇ? ಅಡವು ಅಂದ್ರೆ ಅದೇ. ಬೇಕಾದ್ರೆ ತಗೋ, ಬೇಡ ಅಂದ್ರೆ ಲ್ಯಾಂಡ್‌ಲೈನ್‌ನವನಿಗೆ ಹೇಳಿ ಕಳಿಸ್ತೀನಿ."

ಕರಡಿ ಒಳಕೋಣೆಯ ಬಾಗಿಲಿನ ಕಡೆ ಒಮ್ಮೆ ತಿರುಗಿ ನೋಡಿತು. ಆಮೇಲೆ ಪಂಜ ಮುಂದೆ ಚಾಚಿತು. ಅತ್ತೆ ಆ ಪಂಜವನ್ನು ಗಟ್ಟಿಯಾಗಿ ಕುಲುಕಿದರು. ಮಾವ ಆಗಲೇ ಸ್ಕ್ರೂಡ್ರೈವರ್ ಹುಡುಕುತ್ತಿದ್ದರು.

"ಅಮ್ಮಾ," ಎಂದರು ಮೇಷ್ಟ್ರು, "ಈ ಕರಡೀನ ನಮ್ಮ ನಾಟಕಕ್ಕೆ ಬಾಡಿಗೆಗೆ ಕೊಡ್ತೀರಾ? ಎಂಥ ಕಂಠ! ಇನ್ನೊಂದು ಬೂಟೂ ಕೊಡ್ತೀನಿ."

"ಕರಡಿ ಬಾಡಿಗೆಗಿಲ್ಲ. ಅದು ನಮ್ಮ ಅಣ್ಣನ ಮಗಳು," ಎಂದು ಅತ್ತೆ ಬೂಟನ್ನು ಒಳಗಿಟ್ಟರು.

ಸೋಮವಾರ ಬೆಳಿಗ್ಗೆ ಪಿಸು ಕಂಪ್ಯೂಟರ್ ಆನ್ ಮಾಡುವಾಗ ಕಣ್ಣು ಮುಚ್ಚಿಕೊಂಡಿದ್ದಳು. ತೆರೆದು ನೋಡಿದರೆ ಎಲ್ಲರೂ ಇದ್ದರು. ಅತ್ತೆ ಮಾತಿಗೆ ತಪ್ಪಿರಲಿಲ್ಲ. ಅವಳು ಬೆರಳು ಸಡಿಲಿಸಿಕೊಂಡು ಒಂದೊಂದಾಗಿ ಉತ್ತರಿಸತೊಡಗಿದಳು. ಚಿಲಕವಿಲ್ಲದ ಬಾಗಿಲು ಮಾತ್ರ ಎಷ್ಟು ತಳ್ಳಿದರೂ ತನ್ನಷ್ಟಕ್ಕೆ ತೆರೆದುಕೊಳ್ಳುತ್ತಿತ್ತು.

ಹೊರಗೆ ಯಾರೋ ಬಂದ ಸದ್ದಾಯಿತು. ತೆರೆದ ಬಾಗಿಲಿನಲ್ಲಿ ಕಂಡಿತು, ಉದ್ದನೆಯ ಒಬ್ಬ ಮನುಷ್ಯ ಕೌಂಟರಿನ ಮುಂದೆ ಅತ್ತಿತ್ತ ನೋಡುತ್ತಿದ್ದ. "ಯಾರಾದ್ರೂ ಇದ್ದೀರಾ?" ಎಂದ. ಪಿಸು ಉಸಿರು ಬಿಗಿಹಿಡಿದಳು. ಅವನು ಕಾದು, ಫೋನು ತೆಗೆದು ಏನೋ ಒತ್ತಿದ. ಪರದೆಯ ಮೇಲೆ ಟಿಣ್ ಎಂದು ಹೊಸ ಸಾಲೊಂದು ಮೂಡಿತು.

"ಅಂಗಡಿ ತೆರೆದಿದೆ, ಒಳಗೆ ಯಾರೂ ಇಲ್ಲ. ಕಳ್ಳರು ಬಂದಿದ್ರಾ?"

ಪಿಸು ಟೈಪು ಮಾಡಿದಳು. "ಇನ್ನೂ ಬಂದಿಲ್ಲ. ನೀವು ಬಂದಿದ್ದೀರಿ, ಅದಕ್ಕೇ ಕಣ್ಣಿಟ್ಟಿದ್ದೀನಿ. ಎಡಕ್ಕೆ ತಿರುಗಿ."

ಅವನು ಎಡಕ್ಕೆ ತಿರುಗಿದ. ಇಬ್ಬರ ನಡುವೆ ಇದ್ದದ್ದು ಒಂದು ಸಿಂಹದ ತಲೆ ಮತ್ತು ಚಿಲಕವಿಲ್ಲದ ಬಾಗಿಲು. ಪಿಸು ಮೆಲ್ಲಗೆ ಕೈ ಎತ್ತಿ ತೋರಿಸಿದಳು.

"ಅಯ್ಯೋ, ಇಲ್ಲೇ ಇದ್ದೀರಲ್ರೀ! ಆ ಘಾಟಿ ಹೆಂಗಸು ನೀವೇನಾ? ಬಾಯ್ಬಿಟ್ಟು ಮಾತಾಡೋಕೇನು?"

ಅವಳ ಕೆನ್ನೆ ಬಿಸಿಯಾಯಿತು. ಆದರೆ ಬೆರಳುಗಳು ನಿಲ್ಲಲಿಲ್ಲ. ಅವನ ಕೈಯಲ್ಲಿ ಫೋನು ಟಿಣ್ ಎಂದಿತು.

"ಹತ್ತು ಗಂಟೆಗೆ ಮುಂಚೆ ಮಾತು ಸ್ಟಾಕ್ ಇಲ್ಲ. ಕಿರೀಟ ಇದೆ, ಕತ್ತಿ ಇದೆ. ಏನು ಕೊಡ್ಲಿ?"

ಅವನು ಓದಿ ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು, ಮುಚ್ಚಿಕೊಂಡು, ಕೌಂಟರಿಗೆ ಒರಗಿ, ಎರಡೂ ಹೆಬ್ಬೆರಳಿನಿಂದ ಟೈಪು ಮಾಡತೊಡಗಿದ.